ಕಲ್ಲಚ್ಚಿನ ಚಿತ್ರ ಅಸಲಿಯೋ, ನಕಲೋ?

ಪ್ರಶ್ನೆ: ಮಡಕೆಯ ಪಕ್ಕ ಕೂತ ನವಾಹೊ (ಅಮೆರಿಕದ ಒಂದು ಮೂಲನಿವಾಸಿ ಜನಾಂಗ) ಹೆಂಗಸಿನ ಚಿತ್ರ, ಆರ್. ಸಿ. ಗೋರ್ಮನ್ ಅವರದು. ಕೆಳಗೆ ಪೆನ್ಸಿಲಿನಲ್ಲಿ 45/150 ಎಂದಿದೆ. ಇದು ಬರೀ ಪ್ರಿಂಟೇ? ಮೂಲಚಿತ್ರ ಬೇರೆಲ್ಲಾದರೂ ಇದೆಯೇ?

ಉತ್ತರ: ನಿಮ್ಮದು ನಿಜವಾದ ಲಿಥೋಗ್ರಾಫ್, ಅಂದರೆ ಕಲ್ಲಚ್ಚಿನ ಚಿತ್ರ, ಆಗಿದ್ದರೆ ಅದೇ ಮೂಲ. ಬೇರೊಂದು ಚಿತ್ರದ ಫೋಟೊ ತೆಗೆದು ಅಚ್ಚು ಹಾಕಿದ್ದಲ್ಲ. ಕಲಾವಿದರು ಜಿಡ್ಡಿನ ಬಳಪ ಹಿಡಿದು ನುಣುಪಾದ ಸುಣ್ಣಕಲ್ಲಿನ ಮೇಲೋ ಲೋಹದ ತಗಡಿನ ಮೇಲೋ ನೇರವಾಗಿ ಬರೆಯುತ್ತಾರೆ. ಅಂಟು, ತುಸು ಆಮ್ಲ ಬಳಿದು ಹದ ಮಾಡಿದ ಕಲ್ಲನ್ನು ಒದ್ದೆ ಮಾಡಿ ಶಾಯಿಯ ರೋಲರ್ ಉರುಳಿಸಿದರೆ, ಎಣ್ಣೆಶಾಯಿ ಜಿಡ್ಡಿನ ಗೆರೆಗಷ್ಟೇ ಹತ್ತುತ್ತದೆ. ನೀರಿದ್ದ ಜಾಗಕ್ಕೆ ಹತ್ತುವುದಿಲ್ಲ. ಸಾಮಾನ್ಯವಾಗಿ ಬಣ್ಣಕ್ಕೊಂದು ಕಲ್ಲು. ನಿಗದಿಯಾದಷ್ಟು ಪ್ರತಿ ತೆಗೆದ ಮೇಲೆ ಕಲ್ಲಿನ ಚಿತ್ರವನ್ನು ಉಜ್ಜಿ ಅಳಿಸುವುದು ರೂಢಿ. 1843ರಲ್ಲಿ ಶುರುವಾದ ನಮ್ಮ 'ಮಂಗಳೂರ ಸಮಾಚಾರ'ವೂ ಹೀಗೆ ಕಲ್ಲಚ್ಚಿನಲ್ಲೇ ಬಂದದ್ದು.

45/150 ಎಂದರೆ 150 ಪ್ರತಿಗಳಲ್ಲಿ 45ನೆಯದು. ಅಂಕಿ ಚಿಕ್ಕದಾದಷ್ಟೂ ಚಿತ್ರ ಮೇಲು ಎಂಬ ಮಾತನ್ನು ನಂಬಬೇಡಿ. ಅಚ್ಚಾದ ಕ್ರಮದಲ್ಲೇ ಅಂಕಿ ಹಾಕುತ್ತಾರೆಂದೇನಿಲ್ಲ.

ಗೋರ್ಮನ್ ಸ್ವತಃ ನವಾಹೊ, ಅರಿಜೋನಾದ ಚಿನ್ಲಿಯವರು. ತಂದೆ ಕಾರ್ಲ್ ಗೋರ್ಮನ್, ಎರಡನೇ ಮಹಾಯುದ್ಧದಲ್ಲಿ ನವಾಹೊ ಭಾಷೆಯನ್ನೇ ಗುಪ್ತಸಂಕೇತವಾಗಿಸಿದ ಮೊದಲ 29 ಸೈನಿಕರಲ್ಲಿ ಒಬ್ಬರು. ಮಗ ಮೆಕ್ಸಿಕೋದಲ್ಲಿ ಓದುವಾಗ ಅಲ್ಲಿನ ಭಿತ್ತಿಚಿತ್ರ ಕಲಾವಿದ ಡಿಯೇಗೊ ರಿವೆರಾ ಅವರ ಕಲೆಗೆ ಮಾರುಹೋದರು. ಲಿಥೋಗ್ರಫಿಯನ್ನೂ ಮೆಕ್ಸಿಕೋದಲ್ಲೇ ಕಲಿತರು. 1968ರಲ್ಲಿ ನ್ಯೂ ಮೆಕ್ಸಿಕೋದ ಟಾವೋಸ್‌ನಲ್ಲಿ ಸ್ವಂತ ಗ್ಯಾಲರಿ ತೆರೆದರು. ತುಂಬು ಮೈಯ, ಬರಿಗಾಲಿನ ಅವರ ಹೆಂಗಸರನ್ನು ನೋಡಿ: ಹೆಗಲಿಂದ ನೆಲದವರೆಗೆ ಹೊದಿಕೆಯೆಲ್ಲ ಒಂದೇ ಬೀಸಿನ ಗೆರೆ, ಉಳಿದದ್ದು ಖಾಲಿ ಕಾಗದ. ಬಳಪದ ಆ ತರಿತರಿ ಗೆರೆಗೆ ಕಲ್ಲಿನಷ್ಟು ಒಗ್ಗುವ ಮಾಧ್ಯಮ ಇನ್ನೊಂದಿಲ್ಲ ಎನ್ನುವುದು ನನ್ನ ಗಟ್ಟಿ ನಂಬಿಕೆ.

ಮಡಕೆಯನ್ನೂ ಗಮನಿಸಿ. ನವಾಹೊಗಳ ಹೆಸರು ದೊಡ್ಡದಾಗಿರುವುದು ನೇಯ್ಗೆಯಲ್ಲಿ. ಅವರ ಹಳೆಯ ಬಗೆಯ ಮಡಕೆಗೆ ತಿರುಗಣೆ ಇಲ್ಲ. ಮಣ್ಣಿನ ಸುರುಳಿ ಸುತ್ತಿ ಕಟ್ಟಿ, ಸುಟ್ಟ ಮೇಲೆ ಬಿಸಿಯಿರುವಾಗಲೇ ಪಿನ್ಯೋನ್ ಪೈನ್ ಮರದ ಅಂಟು ಸವರುತ್ತಾರೆ. ಆ ಕಂದು ಹೊಳಪು ಅಲ್ಲಿಂದ ಬಂದದ್ದು. ಮೈತುಂಬ ಬಣ್ಣದ ಚಿತ್ತಾರವಿದ್ದರೆ ಅದು ನೆರೆಯ ಪ್ಯೂಬ್ಲೊ ಜನರ ಶೈಲಿಯಾಗಿರುವ ಸಂಭವವೇ ಹೆಚ್ಚು.

ಕೊಳ್ಳುವವರಿಗೆ ಒಂದು ಮಾತು: ಗೋರ್ಮನ್ ಪೋಸ್ಟರ್‌ಗಳೂ ಧಾರಾಳವಾಗಿ ಸಿಗುತ್ತವೆ, ಕೆಲವಕ್ಕೆ ಸಹಿಯೂ ಇರುತ್ತದೆ. ಹಾಗಾಗಿ ಸಹಿಯೊಂದೇ ಸಾಲದು. ಭೂತಗನ್ನಡಿ ಹಿಡಿದಾಗ ಸಾಲುಗಟ್ಟಿದ ಬಣ್ಣದ ಚುಕ್ಕಿ ಕಂಡರೆ ಅದು ಆಫ್‌ಸೆಟ್, ಅಂದರೆ ಫೋಟೊ ತೆಗೆದು ಯಂತ್ರದಲ್ಲಿ ಅಚ್ಚು ಹಾಕಿದ ನಕಲು. ಮುದ್ರಣಶಾಲೆಯ ಒತ್ತುಗುರುತು (ಕಾಗದದ ಮೇಲೆ ಒತ್ತಿದ ಪುಟ್ಟ ಮುದ್ರೆ) ಕಾಗದದ ಅಂಚಿನಲ್ಲಿರಬಹುದು. ಅದು ಫ್ರೇಮಿನೊಳಗೆ ಮುಚ್ಚಿಹೋಗಿರುವುದೂ ಉಂಟು, ಬಿಚ್ಚಿಸಿಯೇ ನೋಡಿ.