ಹನ್ನೆರಡು ಪೇಷೆಂಟ್, ಎಲ್ಲರ ಬಿಪಿನೂ ಸೊನ್ನೇಲೇ ಮುಗಿಯೋದು ಹೇಗೆ?

ಹೋದ ತಿಂಗಳು ವಾರ್ಡಲ್ಲಿ ಸೆಕೆಂಡ್ ಇಯರ್ ಬಿಎಸ್ಸಿ ನರ್ಸಿಂಗ್ ಮಕ್ಕಳು ಬರೆದ ಚಾರ್ಟ್ ನೋಡ್ತಾ ಕೂತಿದ್ದೆ. ಹನ್ನೆರಡು ಪೇಷೆಂಟ್, ಅದ್ರಲ್ಲಿ ಎಂಟು ಜನಕ್ಕೆ 120/80, ಮಿಕ್ಕವ್ರಿಗೆ 110/70, 130/80, 140/90. ಒಂದು 126 ಇಲ್ಲ, ಒಂದು 84 ಇಲ್ಲ. ನಮ್ಮ ಡಯಲ್ ಮಿಷನ್ನಲ್ಲಿ ಎರಡೆರಡಕ್ಕೆ ಒಂದು ಗೆರೆ ಇರುತ್ತೆ, ಕಣ್ಣಿಟ್ಟು ನೋಡಿದ್ರೆ ಕೊನೇ ಅಂಕಿ 2, 4, 6, 8 ಕೂಡ ಬರ್ಲೇಬೇಕು, ಎಲ್ಲಾ ಸೊನ್ನೆ ಅಂದ್ರೆ ಒಂದೋ ಅಂದಾಜಿಗೆ ಬರ್ದಿದಾರೆ, ಇಲ್ಲಾ ತೋಳಿಗೆ ಸುತ್ತೋ ಪಟ್ಟಿ, ಕಫ್ಫನ್ನ, ಡಬ್ಬಿಯಿಂದ ತೆಗ್ದೇ ಇಲ್ಲ. ಬೈದೆ ಅನ್ನಿ.

ಇದೇ ಮಕ್ಕಳು ಇಂಟರ್ನಲ್ಸಲ್ಲಿ ಬಿಪಿ ತಡೆಗಟ್ಟೋದು ಹೇಗೆ ಅಂತ ಕೇಳಿದ್ರೆ ಎರಡು ಪುಟ ತುಂಬಿಸ್ತಾರೆ, ಡಬ್ಲ್ಯೂಎಚ್‌ಒ ಹೇಳಿರೋ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು, ವಾರಕ್ಕೆ 150 ನಿಮಿಷ ವಾಕಿಂಗ್, ತೂಕ, ತಂಬಾಕು, ಎಣ್ಣೆ (ಎರಡೂ ಥರದ್ದು), ಒಂದೂ ಬಿಡಲ್ಲ. ಮಾರ್ಕ್ಸ್ ಕೊಡ್ದೆ ವಿಧಿ ಇಲ್ಲ. ಹಾಸ್ಟೆಲ್ ರೂಮಿಗೆ ಹೋಗಿ ನೋಡಿ, ಕಪಾಟಲ್ಲಿ ಊರಿಂದ ತಂದ ಉಪ್ಪಿನಕಾಯಿ ಬಾಟ್ಲಿ, ಚಟ್ನಿಪುಡಿ, ನೂಡಲ್ಸ್ ಪ್ಯಾಕೆಟ್. ಮೆಸ್ ಸಾರು ಹಂಗಿರುತ್ತೆ, ಪಾಪ, ನಾನೂ ಓದೋವಾಗ ಅದನ್ನೇ ಮಾಡಿದ್ದು.

ಅವತ್ತು ಮಧ್ಯಾಹ್ನ ಕ್ಲಾಸ್ ಬಿಟ್ಟು ಒಬ್ರದ್ದೊಬ್ರು ಬಿಪಿ ನೋಡಿ ಅಂದೆ. ಆವಾಗ ಗೊತ್ತಾಯ್ತು ಎಲ್ಲೆಲ್ಲಿ ಎಡವ್ತಾರೆ ಅಂತ. ಮೆಟ್ಟಿಲು ಹತ್ತಿ ಬಂದೋಳನ್ನ ಕೂರಿಸಿ ತಕ್ಷಣ ಕಟ್ಟಿದ್ರು, ಐದು ನಿಮಿಷ ಸುಮ್ನೆ ಕೂರ್ಸಬೇಕು ಅನ್ನೋದು ಬಾಯಿಪಾಠ ಇದೆ, ಕೈಗೆ ಬಂದಿಲ್ಲ. ಕಾಲ ಮೇಲೆ ಕಾಲು ಹಾಕ್ಕೊಂಡು, ಹರಟೆ ಹೊಡೀತಾ ನೋಡಿಸ್ಕೊಳ್ಳೋದು, ಎರಡೂ ರೀಡಿಂಗ್ ಏರ್ಸುತ್ತೆ. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದ್ರೂ ಅಷ್ಟೇ, ಇಲ್ಲದ ಬಿಪಿ ತೋರ್ಸುತ್ತೆ. ಇನ್ನು ಮೊದ್ಲು ನಾಡಿ ಹಿಡ್ಕೊಂಡು ಗಾಳಿ ತುಂಬ್ಸಿ, ನಾಡಿ ನಿಂತಲ್ಲಿಂದ 30 ಮೇಲಕ್ಕೆ ಏರಿಸಿ ಆಮೇಲೆ ಸ್ಟೆತ್ ಇಡ್ಬೇಕಲ್ಲ, ಅದನ್ನ ಒಬ್ರೂ ಮಾಡ್ಲಿಲ್ಲ. ಕೆಲವ್ರಲ್ಲಿ, ಅದ್ರಲ್ಲೂ ವಯಸ್ಸಾದವ್ರಲ್ಲಿ, ಗಾಳಿ ಇಳಿಸ್ತಾ ಸ್ಟೆತ್ತಲ್ಲಿ ಕೇಳೋ ಶಬ್ದ ಶುರುವಾಗಿ ಮಧ್ಯೆ ನಿಂತು ಮತ್ತೆ ಬರುತ್ತೆ, ಮೇಲಿನ ಅಂಕಿ ಬರೆಯೋದು ಮೊದಲ್ನೇ ಶಬ್ದ ಕೇಳಿದಲ್ಲಿ, ನಾಡಿ ನೋಡ್ದೆ ಸುಮ್ನೆ 150ವರೆಗೆ ಏರಿಸಿ ಇಳಿಸಿದ್ರೆ ಎರಡನೇ ಸಲದ ಶಬ್ದನೇ ಮೊದಲ್ನೇದು ಅಂದ್ಕೊಂಡು 180 ಇರೋರಿಗೆ 140 ಅಂತ ಬರ್ದುಬಿಡ್ತೀವಿ.

ಅದೇ ಪ್ರಾಕ್ಟೀಸಲ್ಲಿ ಒಬ್ಬ ಹುಡುಗನದ್ದು 148/94 ಬಂತು. "ನಂಗೇನಾಗುತ್ತೆ ಮ್ಯಾಮ್, ಇನ್ನೂ ಇಪ್ಪತ್ತು ವರ್ಷ" ಅಂತ ನಕ್ಕ. ಒಂದು ರೀಡಿಂಗಿಗೆ ಯಾರ್ಗೂ ಬಿಪಿ ಅಂತ ಹಣೆಪಟ್ಟಿ ಹಚ್ಚಲ್ಲ, ಬೇರೆ ಬೇರೆ ದಿನ ನಾನೇ ಕೂರಿಸಿ ನೋಡ್ದೆ, ಮೂರು ಸಲವೂ 140/90 ಮೇಲೇ. ಈ ವಯಸ್ಸಲ್ಲಿ ಹಂಗಿದ್ರೆ ಮನೆತನದಿಂದ ಬಂದಿದ್ದು ಅಂತ ಕೈಬಿಡೋ ಹಾಗಿಲ್ಲ, ಕಿಡ್ನಿ, ಥೈರಾಯ್ಡ್ ಎಲ್ಲಾ ನೋಡಿಸ್ಬೇಕು, ಡಾಕ್ಟರ್ ಹತ್ರ ಕಳ್ಸಿದೀನಿ. ಸರ್ಕಾರದ ಮನೆಮನೆ ತಪಾಸಣೆ 30 ದಾಟಿದವ್ರಿಗೆ, ಇವ್ನು ಅದ್ರ ಲೆಕ್ಕಕ್ಕೆ ಬರ್ತಾನೇ ಇರ್ಲಿಲ್ಲ. ದಿನಾ ಇಪ್ಪತ್ತು ಜನಕ್ಕೆ ಕಫ್ ಕಟ್ಟೋನು ತನ್ನ ತೋಳಿಗೆ ಕಟ್ಕೊಂಡಿದ್ದು ಅದೇ ಮೊದಲು!

ಹೇಳಿಕೊಡೋದ್ರಲ್ಲೂ ಇದೇ ಕಥೆ. ಕಮ್ಯುನಿಟಿ ಪೋಸ್ಟಿಂಗಲ್ಲಿ ಒಬ್ಳು ಹುಡುಗಿ ಚಾರ್ಟ್ ಹಿಡ್ಕೊಂಡು "ಅಜ್ಜಿ, ನೀವು ಸೋಡಿಯಂ ಕಮ್ಮಿ ಮಾಡ್ಬೇಕು" ಅಂದ್ಳು. ಅಜ್ಜಿ "ಅದನ್ನ ನಾವು ತರೋದೇ ಇಲ್ಲ ಕಣವ್ವ" ಅಂದ್ರು. ಉಪ್ಪು ಅಂತ ತಿದ್ದಿದ್ರೂ "ಊಟಕ್ಕೆ ಮೇಲುಪ್ಪು ಹಾಕ್ಕೊಳಲ್ಲ" ಅಂತಾರೆ, ಅದು ಸುಳ್ಳೂ ಅಲ್ಲ, ಆದ್ರೆ ಜಗಲಿ ಮೇಲೆ ಹಪ್ಪಳ ಒಣಗ್ತಾ ಇತ್ತು. ನಾನು ಬೇರೆ ಥರ ಕೇಳ್ತೀನಿ, ತಿಂಗಳಿಗೆ ಎಷ್ಟು ಪ್ಯಾಕೆಟ್ ಉಪ್ಪು ತರ್ತೀರಾ, ಮನೇಲಿ ಎಷ್ಟು ಜನ? ನಾಲ್ಕು ಜನ ದೊಡ್ಡೋರಿಗೆ ದಿನಕ್ಕೆ 5 ಗ್ರಾಂ ಲೆಕ್ಕ ಹಾಕಿದ್ರೆ ತಿಂಗಳಿಗೆ 600 ಗ್ರಾಂ. ಒಂದು ಕೆಜಿ ಖರ್ಚಾಗ್ತಿದ್ರೆ ತಲೆಗೆ 8 ಗ್ರಾಂ ದಾಟ್ತು, ವರ್ಷಕ್ಕೊಂದ್ಸಲ ಉಪ್ಪಿನಕಾಯಿಗೆ ತರೋ ಕಲ್ಲುಪ್ಪು, ಬೇಕರಿ ಖಾರ ಬೇರೆ. ತೊಳೆದು ಚೆಲ್ಲಿದ್ದು ಸ್ವಲ್ಪ ಕಳೀಬೇಕು, ಆದ್ರೂ ಅಂದಾಜು ಸಿಗುತ್ತೆ, ಮತ್ತೆ ಮುಂದಿನ್ಸಲ ಹೋದಾಗ ಕೇಳೋಕೆ ಒಂದು ಪ್ರಶ್ನೆ ಇರುತ್ತೆ.

ಆ ಹುಡುಗಿ ವಾಪಸ್ ಬರ್ತಾ ಬಸ್ಸಲ್ಲೇ ಅಮ್ಮಂಗೆ ಫೋನ್ ಮಾಡಿ ಉಪ್ಪಿನ ಲೆಕ್ಕ ಕೇಳಿದ್ಳು, ಮಾತಿಗೆ ಮಾತು ಬಂದು ಅಮ್ಮ ಬಿಪಿ ನಾರ್ಮಲ್ ಆಯ್ತು ಅಂತ ಎರಡು ತಿಂಗ್ಳಿಂದ ಮಾತ್ರೆ ಬಿಟ್ಟಿರೋದು ಹೊರಗೆ ಬಂತು. ಮಾತ್ರೆಯಿಂದ್ಲೇ ನಾರ್ಮಲ್ ಆಗಿದ್ದು, ಕೇಳ್ದೆ ಬಿಡಬಾರ್ದು ಅಂತ ಹಳ್ಳೀಲಿ ಬೆಳಗ್ಗೆಯಿಂದ ಹತ್ತು ಮನೆಗೆ ಹೇಳ್ಕೊಂಡು ಬಂದಿದ್ಳು, ಫೋನಿಟ್ಟು ಊರು ಬರೋವರ್ಗೂ ಮಾತಾಡ್ಲಿಲ್ಲ.

ಈ ವಾರದ ಚಾರ್ಟ್ ನೋಡ್ದೆ. 126/82, 138/86, 112/74. ಒಂದು ಕಾಲಂ ಮಾತ್ರ ಖಾಲಿ, ಪಕ್ಕದಲ್ಲಿ ಪೆನ್ಸಿಲ್ಲಲ್ಲಿ ಚಿಕ್ಕದಾಗಿ "ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ನೋಡ್ತೀನಿ".