ಸಿಗಡಿಗೆ ಮೂರೇ ನಿಮಿಷ, ಜೊತೆಗೆ ಬಿಳಿ ವೈನೇ ಯಾಕೆ?

ಕಲಬುರಗಿಗೆ ಸಮುದ್ರ ದೂರ. ಹಾಗಾಗಿ ನಮಗೆ ಹೆಚ್ಚಾಗಿ ಸಿಗೋದು ಫ್ರೀಜರ್‌ನಲ್ಲಿಟ್ಟ ಸಿಗಡಿ, ಅದೂ ಕೊಳದಲ್ಲಿ ಸಾಕಿದ ವನಾಮಿ ತಳಿ. ಅದನ್ನು ಕಡೆಗಣಿಸಬೇಡಿ. ಸಿಗಡಿಯ ತಲೆಯಲ್ಲಿರುವ ಜೀರ್ಣರಸಗಳು ಅದು ಸತ್ತ ಮೇಲೂ ಕೆಲಸ ಮಾಡುತ್ತಾ ಮಾಂಸವನ್ನು ಮೆತ್ತಗೆ ಮಾಡಿಬಿಡುತ್ತವೆ, ನಮ್ಮ ಏಪ್ರಿಲ್ ಬಿಸಿಲಲ್ಲಂತೂ ಇದು ಬೇಗ ಆಗುತ್ತದೆ. ಹಿಡಿದ ಕೂಡಲೇ ಹೆಪ್ಪುಗಟ್ಟಿಸಿದ ಮಾಲೇ ನಮಗೆ ವಾಸಿ. ತಣ್ಣೀರಿನಲ್ಲಿಟ್ಟು ಕರಗಿಸಿ, ಬೆನ್ನಿನ ಕಪ್ಪು ಎಳೆ ತೆಗೆಯಿರಿ. ಅದು ಸಿಗಡಿಯ ಕರುಳು.

ಆಮೇಲೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಇದೇ ಮುಖ್ಯ. ಮೇಲೆ ನೀರಿದ್ದರೆ ಬಾಣಲೆಯ ಕಾವೆಲ್ಲ ಆ ನೀರನ್ನು ಆವಿ ಮಾಡೋದಕ್ಕೇ ಹೋಗುತ್ತದೆ, ಶಾಖ 100 ಡಿಗ್ರಿ ದಾಟೋದಿಲ್ಲ, ಹೊಂಬಣ್ಣವಾಗಲಿ ಹುರಿದ ಘಮವಾಗಲಿ ಬರೋದಿಲ್ಲ. ಉಪ್ಪು, ಅರಿಶಿನ, ಕೆಂಪು ಖಾರ ಹಚ್ಚಿ. ಶೇಂಗಾ ಎಣ್ಣೆ ಚೆನ್ನಾಗಿ ಕಾದ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಒಂದು ಮಗ್ಗುಲಿಗೆ ಒಂದೂವರೆ ನಿಮಿಷ, ತಿರುವಿ ಹಾಕಿ ಜಜ್ಜಿದ ಬೆಳ್ಳುಳ್ಳಿ ಸೇರಿಸಿ ಇನ್ನೊಂದು ನಿಮಿಷ, ಮುಗೀತು.

ಬೂದು ಬಣ್ಣದ ಸಿಗಡಿ ಕಣ್ಣೆದುರೇ ಕೆಂಪಾಗುತ್ತದಲ್ವಾ? ಆ ಬಣ್ಣ ಮೊದಲಿಂದಲೂ ಅದರಲ್ಲೇ ಇತ್ತು. ಆಸ್ಟಾಕ್ಸಾಂಥಿನ್ ಎಂಬ ಕಿತ್ತಳೆ ಬಣ್ಣದ ವಸ್ತುವನ್ನು ಒಂದು ಪ್ರೋಟೀನು ಬಿಗಿಯಾಗಿ ಹಿಡಿದಿರುತ್ತದೆ, ಹಾಗಾಗಿ ಅದರ ನಿಜ ಬಣ್ಣ ಕಾಣೋದಿಲ್ಲ. ಬಿಸಿ ತಾಗಿದಾಗ ಪ್ರೋಟೀನಿನ ಹಿಡಿತ ಬಿಟ್ಟುಹೋಗಿ ಬಣ್ಣ ಹೊರಬರುತ್ತದೆ. ಸಿಗಡಿಯಲ್ಲಿ ಕುರಿ ಮಾಂಸದ ಹಾಗೆ ಗಂಟೆಗಟ್ಟಲೆ ಬೇಯಿಸಿ ಮೆತ್ತಗೆ ಮಾಡಬೇಕಾದ ಗಟ್ಟಿ ನಾರು ಇಲ್ಲ. ಒಳಗೆ 60 ಡಿಗ್ರಿ ದಾಟಿದರೆ ಬೆಂದ ಹಾಗೆಯೇ. ಇನ್ನೂ ಬಿಟ್ಟರೆ ಸ್ನಾಯು ಬಿಗಿದುಕೊಂಡು ತನ್ನ ನೀರನ್ನೆಲ್ಲ ಹಿಂಡಿ ಹಾಕುತ್ತದೆ, ಆಮೇಲೆ ಜಗಿದದ್ದೇ ಬಂತು. ಅರ್ಧಚಂದ್ರದಷ್ಟು ಬಾಗಿದಾಗ ಇಳಿಸಿ. ಪೂರ್ತಿ ಸುತ್ತಿಕೊಂಡರೆ ಹೊತ್ತು ಮೀರಿತು ಅಂತ ಅರ್ಥ.

ಈಗ ವೈನ್. ಸಮುದ್ರದ ಆಹಾರಕ್ಕೆ ಬಿಳಿ ವೈನ್ ಅನ್ನೋದು ಸುಮ್ನೆ ದೊಡ್ಡಸ್ತಿಕೆಯ ಮಾತಲ್ಲ. 2009ರಲ್ಲಿ ಜಪಾನಿನ ಸಂಶೋಧಕರು 38 ಕೆಂಪು, 26 ಬಿಳಿ ವೈನ್‌ಗಳನ್ನು ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಜೊತೆ ರುಚಿ ನೋಡಿಸಿದರು. ಬಾಯಲ್ಲಿ ಉಳಿಯುವ ಮೀನಿನ ವಾಸನೆಗೆ ಕಾರಣ ಸಿಕ್ಕಿದ್ದು ಬಣ್ಣದಲ್ಲಲ್ಲ, ಕಬ್ಬಿಣದಲ್ಲಿ! ಲೀಟರಿಗೆ ಸುಮಾರು 2 ಮಿಲಿಗ್ರಾಂ ದಾಟಿದರೆ ವಾಸನೆ ಜೋರು. ಬೇರೆ ವೈನಿಗೆ ಕಬ್ಬಿಣ ಬೆರೆಸಿದರೆ ಅಲ್ಲೂ ಅದೇ ವಾಸನೆ ಬಂತು, ಕಬ್ಬಿಣವನ್ನು ಕಟ್ಟಿಹಾಕುವ ವಸ್ತು ಸೇರಿಸಿದರೆ ಕಡಿಮೆಯಾಯಿತು. ಕೆಂಪು ವೈನ್‌ಗಳಲ್ಲಿ ಕಬ್ಬಿಣ ಜಾಸ್ತಿ ಇರೋದೇ ಹೆಚ್ಚು, ಆದರೆ ಕಡಿಮೆ ಇರುವವೂ ಉಂಟು. ದ್ರಾಕ್ಷಿ ಬೆಳೆದ ಮಣ್ಣು, ವೈನ್ ಮಾಡಿದ ಪಾತ್ರೆ ಎಲ್ಲವೂ ಇದರಲ್ಲಿ ಲೆಕ್ಕಕ್ಕೆ ಬರುತ್ತವೆ. ನನಗೆ ಈ ಪ್ರಯೋಗ ತುಂಬಾ ಇಷ್ಟ, ನಾಲಿಗೆ ಮೊದಲೇ ಹೇಳುತ್ತಿದ್ದ ಮಾತಿಗೆ ಇದು ಕಾರಣ ತೋರಿಸಿತು.

ನಮ್ಮ ಕಡೆಯ ಖಾರದ ವಿಷಯ ಬೇರೆಯೇ ಇದೆ. ಬಾಯಲ್ಲಿ ಬಿಸಿಯನ್ನೂ ಮೆಣಸಿನಕಾಯಿಯ ಉರಿಯನ್ನೂ ತಿಳಿಸೋದು ಒಂದೇ ಗ್ರಾಹಕ, ಅಂದರೆ ನರದ ತುದಿಯಲ್ಲಿರುವ ಸಂವೇದಕ. ಅದು ಸಾಮಾನ್ಯವಾಗಿ 42 ಡಿಗ್ರಿ ಹತ್ತಿರ ಎಚ್ಚೆತ್ತುಕೊಳ್ಳುತ್ತದೆ. ಆಲ್ಕೋಹಾಲ್ ತಾಗಿದರೆ ಈ ಮಟ್ಟ 34ರ ಹತ್ತಿರಕ್ಕೆ ಇಳಿಯುತ್ತದೆ ಅಂತ 2002ರ ಒಂದು ಅಧ್ಯಯನ ತೋರಿಸಿತು. ಅಂದರೆ ಮೈ ಬಿಸಿಯೇ ಉರಿಯಾಗಿಬಿಡುತ್ತದೆ. ಖಾರದ ಸಿಗಡಿಗೆ ಕಡು ವೈನ್ ಹಿಡಿಸದೇ ಇರೋದು ಇದಕ್ಕೇ. ಆಲ್ಕೋಹಾಲ್ ಕಡಿಮೆ, ಚೂರು ಸಿಹಿ, ಫ್ರಿಜ್‌ನಲ್ಲಿಟ್ಟು ಚೆನ್ನಾಗಿ ತಣ್ಣಗಾಗಿಸಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ನನ್ನ ಆಯ್ಕೆ. ಸಿಹಿ ಉರಿಯನ್ನು ತಗ್ಗಿಸುತ್ತದೆ, ತಂಪು ಆ ಗ್ರಾಹಕವನ್ನು ಸುಮ್ಮನಾಗಿಸುತ್ತದೆ. ಪಕ್ಕದ ವಿಜಯಪುರವೇ ದ್ರಾಕ್ಷಿಯ ಜಿಲ್ಲೆ, ಹಾಗಾಗಿ ನಮ್ಮ ರಾಜ್ಯದ್ದೇ ವೈನ್ ಹುಡುಕಿ ನೋಡಿ.

ಮನೆಯಲ್ಲಿ ಕೆಂಪು ವೈನೇ ಇದ್ದರೆ ಸಿಗಡಿ ಮೇಲೆ ನಿಂಬೆಹಣ್ಣು ಧಾರಾಳವಾಗಿ ಹಿಂಡಿ. ಅದರ ಸಿಟ್ರಿಕ್ ಆಮ್ಲಕ್ಕೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಗುಣ ಇದೆ. ಆದರೆ ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು. ಹಸಿ ಸಿಗಡಿಯನ್ನು ನಿಂಬೆರಸದಲ್ಲಿ ತುಂಬಾ ಹೊತ್ತು ನೆನೆಸಿಟ್ಟರೆ ಹುಳಿಯೇ ಮಾಂಸವನ್ನು ಗಟ್ಟಿ ಮಾಡಿಬಿಡುತ್ತದೆ, ಬಾಣಲೆಗೆ ಬೀಳೋ ಮೊದಲೇ ಅರ್ಧ ಬೆಂದ ಹಾಗೆ.