ಹಕ್ಕಿ ಎದುರಿಗಿದ್ದರೂ ಹಿಡಿಯದ ನಾಯಿಗೆ ಬಹುಮಾನ ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಲ್ಯಾಬ್ರಡಾರ್ ಇದೆ. ಚೆಂಡು ಎಸೆದರೆ ಸಂಜೆವರೆಗೂ ತಂದುಕೊಡುತ್ತೆ. ಅಮೆರಿಕದಲ್ಲಿರುವ ನನ್ನ ತಂಗಿ ಮಗ ಅಲ್ಲಿನ ಬೇಟೆನಾಯಿಗಳ ಫೀಲ್ಡ್ ಟ್ರಯಲ್ ವಿಡಿಯೋಗಳನ್ನು ಕಳಿಸಿದ್ದಾನೆ. ಒಂದರಲ್ಲಿ ನಾಯಿ ಪೊದೆ ಮುಂದೆ ಕಲ್ಲಿನ ಹಾಗೆ ನಿಂತಿದೆ, ಹಕ್ಕಿ ಹಾರಿ ಹೋದರೂ ಹಿಡಿಯೋದಿಲ್ಲ. ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದ ಹಿಂದೆ ಓಡುತ್ತಿವೆ. ಮತ್ತೊಂದರಲ್ಲಿ ಪೂರ್ತಿ ಕತ್ತಲು, ಬರೀ ಬೊಗಳಾಟ. ಇವೆಲ್ಲ ಒಂದೇ ಸ್ಪರ್ಧೆಯಾ? ಯಾವ ನಾಯಿ ಗೆದ್ದಿತು ಅಂತ ಹೇಗೆ ಹೇಳ್ತಾರೆ?

ಉತ್ತರ: ಒಂದೇ ಅಲ್ಲ. ನಿಮ್ಮ ತಂಗಿ ಮಗ ಕಳಿಸಿರೋದು ಮೂರು ಬೇರೆ ಬೇರೆ ಆಟ.

ಬೇಟೆ ಅಂದರೆ ನಮಗೆ ಒಂದೇ ಕೆಲಸ ಅನಿಸುತ್ತೆ. ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕೈದು ಕೆಲಸ ಇವೆ. ಹುಡುಕಬೇಕು, ಅಡಗಿದ್ದನ್ನು ತೋರಿಸಬೇಕು, ಎಬ್ಬಿಸಬೇಕು, ಬೆನ್ನಟ್ಟಬೇಕು, ಹೊಡೆದು ಬೀಳಿಸಿದ್ದನ್ನು ತಂದುಕೊಡಬೇಕು. ಯುರೋಪಿನವರು ಒಂದೊಂದು ಕೆಲಸಕ್ಕೂ ಬೇರೆ ಬೇರೆ ತಳಿ ಬೆಳೆಸಿಕೊಂಡರು. ಸ್ಪರ್ಧೆಗಳೂ ಹಾಗೇ ಕವಲೊಡೆದವು. ಅದರಲ್ಲೂ ಬಂದೂಕಿನ ಜೊತೆ ಕೆಲಸ ಮಾಡುವ ನಾಯಿ ತಾನೇ ಹಕ್ಕಿ ಹಿಡಿಯಲು ಹೋದರೆ ಬೇಟೆಯವನಿಗೆ ನಷ್ಟ. ಹಾಗಾಗಿ ಅಲ್ಲಿ ಅಂಕದ ದೊಡ್ಡ ಪಾಲು ಇರೋದು ಆಸೆ ತಡೆದುಕೊಳ್ಳುವುದಕ್ಕೆ.

ನೀವು ನೋಡಿದ ಕಲ್ಲಿನಂಥ ನಾಯಿ ಪಾಯಿಂಟರ್ ಅಥವಾ ಸೆಟರ್ ಇರಬೇಕು. ಫೀಲ್ಡ್ ಟ್ರಯಲ್ ಶುರುವಾಗಿದ್ದೇ ಇವುಗಳಿಂದ. ಇಂಗ್ಲೆಂಡಿನಲ್ಲಿ 1859ರಲ್ಲಿ ನಾಯಿ ಪ್ರದರ್ಶನ ಶುರುವಾಗಿತ್ತು. ಅಲ್ಲಿ ಮೈಕಟ್ಟು, ನಿಲುವು, ಬಣ್ಣ ನೋಡುತ್ತಿದ್ದರು. ನೋಡೋಕೆ ಚೆಂದ ಸರಿ, ಹೊಲಕ್ಕೆ ಬಿಟ್ಟರೆ ಏನು ಮಾಡುತ್ತೆ? ಅದನ್ನು ನೋಡಲು 1865ರಲ್ಲಿ ಬೆಡ್‌ಫರ್ಡ್‌ಶೈರ್‌ನ ಸೌತ್‌ಹಿಲ್‌ನಲ್ಲಿ ಟ್ರಯಲ್ ನಡೆಸಿದರು. 1874ರಲ್ಲಿ ಅಮೆರಿಕದ ಮೆಂಫಿಸ್ ಹತ್ತಿರವೂ ಶುರುವಾಯಿತು.

ಗೌಜಲ ಹಕ್ಕಿಯ ಸ್ವಭಾವ ನಿಮಗೆ ಗೊತ್ತಿರಬಹುದು. ಅಪಾಯ ಕಂಡರೆ ಮೊದಲು ಹುಲ್ಲಿನೊಳಗೆ ಮುದುಡಿ ಕೂರುತ್ತೆ, ತೀರಾ ಹತ್ತಿರ ಬಂದಾಗಲೇ ಹಾರೋದು. ಪಾಯಿಂಟರ್ ಗಾಳಿಗೆ ಮೂಗೊಡ್ಡಿ ಜೋರಾಗಿ ಓಡುತ್ತಾ ಬಂದು, ವಾಸನೆ ಬಡಿದ ಕೂಡಲೇ ಇದ್ದಲ್ಲೇ ನಿಂತುಬಿಡುತ್ತದೆ. ಬಾಲ ಬಿಗಿಯಾಗಿರುತ್ತೆ. ಕೆಲವೊಮ್ಮೆ ಎತ್ತಿದ ಮುಂಗಾಲು ಹಾಗೇ ಗಾಳಿಯಲ್ಲಿ ಉಳಿದಿರುತ್ತೆ. ನಾಯಿಯ ಜೊತೆಗಿರುವವನು, ಅಲ್ಲಿ ಅವನಿಗೆ ಹ್ಯಾಂಡ್ಲರ್ ಅಂತಾರೆ, ಬಂದು ಪೊದೆ ಒದ್ದು ಹಕ್ಕಿ ಎಬ್ಬಿಸುತ್ತಾನೆ. ಅದು ನಾಯಿಯ ಮೂಗಿನೆದುರೇ ಪುರ್ರ್ ಎಂದು ಹಾರುತ್ತೆ. ಢಂ ಅಂತ ಸದ್ದಾಗುತ್ತೆ. ಅಮೆರಿಕದ ಎಷ್ಟೋ ಟ್ರಯಲ್‌ಗಳಲ್ಲಿ ಅದು ಬರೀ ಸದ್ದು ಮಾಡುವ ಪಿಸ್ತೂಲು, ಹಕ್ಕಿ ಸಾಯುವುದಿಲ್ಲ. ಇಷ್ಟೆಲ್ಲ ಆದರೂ ನಾಯಿ ಜಾಗ ಬಿಡಬಾರದು. ಹಾರಿದ ಹಕ್ಕಿಯನ್ನು ಅಟ್ಟಿಕೊಂಡು ಹೋಯಿತೋ, ಅದರ ಆಟ ಅಲ್ಲಿಗೆ ಮುಗೀತು.

ಇನ್ನೂ ಒಂದಿದೆ. ನಾಯಿಗಳನ್ನು ಬಿಡುವುದು ಜೋಡಿಯಾಗಿ. ಒಂದು ನಾಯಿ ನಿಂತಿದ್ದನ್ನು ದೂರದಿಂದ ಕಂಡ ಇನ್ನೊಂದು, ತನಗೆ ಯಾವ ವಾಸನೆಯೂ ಬರದಿದ್ದರೂ, ಅದರ ಮೇಲಿನ ಮರ್ಯಾದೆಗೆ ತಾನೂ ಅಲ್ಲೇ ನಿಲ್ಲಬೇಕು. ಮುಂದೆ ನುಗ್ಗಿ ಹಕ್ಕಿ ಕದಿಯುವಂತಿಲ್ಲ. ನಮ್ಮ ಕ್ಯೂಗಳಲ್ಲೂ ಇಂಥದ್ದೊಂದು ನಿಯಮ ಇದ್ದಿದ್ದರೆ ಅನಿಸುತ್ತೆ ಅಲ್ವಾ?

ಅಮೆರಿಕದಲ್ಲಿ ಈ ಬಗೆಯ ಅತಿ ದೊಡ್ಡ ಸ್ಪರ್ಧೆ 1896ರಲ್ಲಿ ಶುರುವಾದ ನ್ಯಾಷನಲ್ ಚಾಂಪಿಯನ್‌ಶಿಪ್. ಟೆನೆಸಿಯ ಗ್ರ್ಯಾಂಡ್ ಜಂಕ್ಷನ್ ಬಳಿಯ ಏಮ್ಸ್ ಪ್ಲಾಂಟೇಶನ್‌ನಲ್ಲಿ ದಶಕಗಳ ಕಾಲ ನಡೆದಿದೆ. ಒಂದೊಂದು ಜೋಡಿಗೆ ಮೂರು ಗಂಟೆ ಓಟ. ತೀರ್ಪುಗಾರರು, ಹ್ಯಾಂಡ್ಲರ್‌ಗಳು, ನೋಡಲು ಬಂದವರು ಕುದುರೆ ಮೇಲೆ ಹಿಂಬಾಲಿಸುತ್ತಾರೆ. ನಾಯಿ ಅಷ್ಟು ದೂರ ಹೋಗುತ್ತೆ, ನಡೆದು ಹಿಂಬಾಲಿಸೋದು ಆಗದ ಮಾತು.

ಸ್ಪೇನಿಯಲ್‌ಗಳದ್ದು ಇದಕ್ಕೆ ತದ್ವಿರುದ್ಧ. ಅವು ಬಂದೂಕಿನ ಗುಂಡು ತಲುಪುವಷ್ಟು ಹತ್ತಿರದಲ್ಲೇ ಎಡಕ್ಕೂ ಬಲಕ್ಕೂ ಪೊದೆ ಕಲಕುತ್ತಾ, ಹಕ್ಕಿಯನ್ನು ತಾವೇ ಎಬ್ಬಿಸಬೇಕು. ಎಬ್ಬಿಸಿದ ತಕ್ಷಣ ಕುಳಿತುಬಿಡಬೇಕು. ಹಕ್ಕಿ ಬಿದ್ದ ಮೇಲೆ, ಹೋಗು ಅಂದರೆ ಮಾತ್ರ ಹೋಗಿ ತರಬೇಕು.

ಈಗ ನಿಮ್ಮ ಲ್ಯಾಬ್ ವಿಷಯಕ್ಕೆ ಬರೋಣ. ಲ್ಯಾಬ್ರಡಾರ್ ರಿಟ್ರೀವರ್ ಜಾತಿಯದ್ದು. ಹುಡುಕುವುದು, ಎಬ್ಬಿಸುವುದು ಬೇರೆಯವರ ಪಾಡು, ಬಿದ್ದದ್ದನ್ನು ತರುವುದು ಇದರ ಕೆಲಸ. ಸುಮ್ನೆ ತಂದುಕೊಡೋದರಲ್ಲಿ ಏನು ಸ್ಪರ್ಧೆ ಅಂತ ನಾನೂ ಅಂದುಕೊಂಡಿದ್ದೆ.

ಅಮೆರಿಕದ ಟ್ರಯಲ್‌ನಲ್ಲಿ ನಾಯಿ ಹ್ಯಾಂಡ್ಲರ್ ಪಕ್ಕದಲ್ಲಿ ಕೂತಿರುತ್ತೆ. ದೂರದಲ್ಲಿ ಒಂದು ಹಕ್ಕಿ ಬೀಳುತ್ತೆ. ಆಮೇಲೆ ಬೇರೆ ದಿಕ್ಕಿನಲ್ಲಿ ಇನ್ನೊಂದು, ಮತ್ತೆ ಇನ್ನೊಂದು. ಕೆಲವು ನೂರಾರು ಗಜ ದೂರ. ಅಲ್ಲಿವರೆಗೂ ನಾಯಿ ಮಿಸುಕುವಂತಿಲ್ಲ. ಬಿಟ್ಟ ಮೇಲೆ ಒಂದೊಂದಾಗಿ ಮೂರನ್ನೂ ತರಬೇಕು, ಬಿದ್ದ ಜಾಗ ನೆನಪಿನಲ್ಲಿ ಇಟ್ಟುಕೊಂಡು. ಇದಕ್ಕೆ ಮಾರ್ಕ್ ಅಂತಾರೆ. ಇನ್ನೊಂದು ಪರೀಕ್ಷೆ ಬ್ಲೈಂಡ್. ಹಕ್ಕಿ ಎಲ್ಲಿದೆ ಅಂತ ಹ್ಯಾಂಡ್ಲರ್‌ಗೆ ಗೊತ್ತು, ನಾಯಿಗೆ ಗೊತ್ತಿಲ್ಲ. ನಾಯಿ ನೇರ ಓಡುತ್ತೆ. ದಾರಿ ತಪ್ಪಿದರೆ ಇವನು ಒಂದು ಸೀಟಿ ಊದುತ್ತಾನೆ. ಅದು ಇದ್ದಲ್ಲೇ ಕೂತು ಹಿಂದಿರುಗಿ ಇವನ ಮುಖ ನೋಡುತ್ತೆ. ಇವನು ಕೈ ಎತ್ತಿ ಎಡಕ್ಕೆ, ಬಲಕ್ಕೆ, ಇನ್ನೂ ಹಿಂದಕ್ಕೆ ಅಂತ ತೋರಿಸುತ್ತಾನೆ. ಕೆರೆ ಆಚೆ ದಡದಲ್ಲಿ ಚುಕ್ಕೆಯಂತೆ ಕಾಣುವ ನಾಯಿ, ಈಚೆ ದಡದಲ್ಲಿ ಆಡಿದ ಕೈ ನೋಡಿ ತಿರುಗುತ್ತೆ.

ನೀರಿನ ವಿಷಯದಲ್ಲಿ ಒಂದು ತಮಾಷೆಯ ನಿಯಮ ಇದೆ. ಹಕ್ಕಿ ಕೆರೆಯ ಆಚೆ ಮೂಲೆಗೆ ಬಿದ್ದರೆ ನಾಯಿ ಈಜಿಕೊಂಡು ನೇರ ಹೋಗಬೇಕು. ದಡದ ಮೇಲೆ ಸುತ್ತಿ ಓಡಿದರೆ ಅದಕ್ಕೆ ಅವರು ಇಟ್ಟಿರೋ ಹೆಸರು 'ಚೀಟಿಂಗ್'! ಬುದ್ಧಿ ಇರೋ ಯಾವ ನಾಯಿ ತಾನೇ ಓಡುವ ದಾರಿ ಬಿಟ್ಟು ಈಜುತ್ತೆ ಹೇಳಿ. ಆದರೆ ಸುತ್ತಿ ಹೋದ ನಾಯಿಗೆ ಹಕ್ಕಿ ಬಿದ್ದ ಗೆರೆ ತಪ್ಪಿಹೋಗುತ್ತೆ, ಆಮೇಲೆ ಹುಡುಕಾಟವೇ ಜಾಸ್ತಿ ಆಗುತ್ತೆ ಅನ್ನೋದು ಅವರ ವಾದ. ನನಗೇನೋ ಇದರಲ್ಲಿ ನಾಯಿಯದ್ದೇ ಸರಿ ಅನಿಸುತ್ತೆ.

ಬ್ರಿಟನ್ನಿನ ರಿಟ್ರೀವರ್ ಟ್ರಯಲ್ ನಿಜವಾದ ಶಿಕಾರಿ ನಡೆಯುವಾಗಲೇ ನಡೆಯುತ್ತೆ. ಸುತ್ತ ಫೆಸೆಂಟ್ ಹಕ್ಕಿಗಳು ಬೀಳುತ್ತಿದ್ದರೂ ನಾಯಿಗಳು ಸಾಲಾಗಿ ಸುಮ್ಮನೆ ಕೂತಿರಬೇಕು. ತಡೆಯಲಾರದೆ ಕುಂಯ್‌ಗುಟ್ಟಿದರೆ ಸಾಕು, ಸ್ಪರ್ಧೆಯಿಂದ ಹೊರಗೆ. ನಾಯಿ ಹಕ್ಕಿ ತಂದುಕೊಟ್ಟ ಮೇಲೆ ತೀರ್ಪುಗಾರ ಅದನ್ನು ಕೈಗೆ ತಗೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಎರಡೂ ಪಕ್ಕೆಗಳನ್ನು ಒತ್ತಿ ನೋಡುತ್ತಾನೆ. ಪಕ್ಕೆಲುಬು ಗಟ್ಟಿಯಾಗಿದ್ದರೆ ಸರಿ. ನಾಯಿ ಕಚ್ಚಿ ಜಜ್ಜಿದ್ದು ಕೈಗೆ ತಿಳಿದರೆ ಅದಕ್ಕೆ 'ಗಟ್ಟಿ ಬಾಯಿ' ಅಂತ ಹೆಸರು ಬೀಳುತ್ತೆ, ಆ ನಾಯಿಯ ದಿನ ಮುಗಿಯಿತು. ಬೇಟೆಯವನಿಗೆ ಅದು ಊಟದ ಹಕ್ಕಿ ನೋಡಿ, ಜಜ್ಜಿ ತಂದರೆ ಏನು ಮಾಡ್ತಾನೆ? ನಿಮ್ಮ ಲ್ಯಾಬ್ ಚೆಂಡನ್ನು ಅಗಿಯುತ್ತಾ ತರುತ್ತಾ, ಹಗುರವಾಗಿ ಹಿಡಿದು ತರುತ್ತಾ, ಇವತ್ತೇ ಗಮನಿಸಿ.

ಅಮೆರಿಕದಲ್ಲಿ ಲ್ಯಾಬ್‌ಗಳ ಟ್ರಯಲ್ 1931ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರುವಾಯಿತು. ಅಲ್ಲಿನ ಹೀರೋ ಕಿಂಗ್ ಬಕ್ ಎಂಬ ಕಪ್ಪು ಲ್ಯಾಬ್. ಮರಿಯಾಗಿದ್ದಾಗ ಡಿಸ್ಟೆಂಪರ್ ಬಂದು ಸಾಯುವ ಹಾಗಾಗಿತ್ತು. ಬದುಕಿ ಬೆಳೆದು 1952, 1953 ಎರಡೂ ವರ್ಷ ರಾಷ್ಟ್ರೀಯ ಚಾಂಪಿಯನ್ ಆಯಿತು. 1959ರಲ್ಲಿ ಅಮೆರಿಕ ಸರ್ಕಾರ ಬಾತು ಬೇಟೆಯವರಿಗಾಗಿ ಹೊರಡಿಸುವ ಸ್ಟಾಂಪಿನ ಮೇಲೆ, ಬಾಯಲ್ಲಿ ಬಾತು ಹಿಡಿದ ಅದರ ಚಿತ್ರ ಬಂತು. ನಮ್ಮ ಮುಧೋಳ ನಾಯಿಯೂ 2005ರಲ್ಲಿ ಅಂಚೆ ಚೀಟಿ ಮೇಲೆ ಬಂದಿದೆ ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಇನ್ನು ಆ ಕತ್ತಲಿನ ವಿಡಿಯೋ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಅದು ಕೂನ್‌ಹೌಂಡ್ ನಾಯಿಗಳ ರಾತ್ರಿ ಸ್ಪರ್ಧೆ. ರಕೂನ್ ಅಂತ ಒಂದು ಪ್ರಾಣಿ, ಕಣ್ಣಿನ ಸುತ್ತ ಕಪ್ಪು ಪಟ್ಟಿ ಇರುತ್ತೆ, ರಾತ್ರಿ ಓಡಾಡುತ್ತೆ, ಅಟ್ಟಿದರೆ ಮರ ಹತ್ತುತ್ತೆ. ಸಾಮಾನ್ಯವಾಗಿ ನಾಲ್ಕು ನಾಯಿಗಳನ್ನು ಒಟ್ಟಿಗೆ ಕಾಡಿಗೆ ಬಿಟ್ಟು, ಅವುಗಳ ಹ್ಯಾಂಡ್ಲರ್‌ಗಳು ಕತ್ತಲಲ್ಲಿ ಕಿವಿಗೊಟ್ಟು ನಿಲ್ಲುತ್ತಾರೆ. ನಾಯಿ ಕಾಣುವುದೇ ಇಲ್ಲ. ಎಲ್ಲೋ ದೂರದಲ್ಲಿ ಜಾಡು ಸಿಕ್ಕಿ ಒಂದು ನಾಯಿ ಬೊಗಳುತ್ತೆ. ಅದು ತನ್ನದೇ ನಾಯಿಯ ದನಿ ಅಂತ ಗುರುತಿಸಿ ಅದರ ಹ್ಯಾಂಡ್ಲರ್ ಕೂಗಿ ಹೇಳಬೇಕು. ಮೊದಲು ಹೇಳಿಸಿಕೊಂಡ ನಾಯಿಗೆ 100 ಅಂಕ, ಎರಡನೆಯದಕ್ಕೆ 75, ಆಮೇಲೆ 50, 25. ಸ್ವಲ್ಪ ಹೊತ್ತಿಗೆ ಬೊಗಳುವ ಧಾಟಿ ಬದಲಾಗುತ್ತೆ. ಓಡುತ್ತಾ ಬೊಗಳುತ್ತಿದ್ದ ನಾಯಿ ಈಗ ಮರದ ಬುಡದಲ್ಲಿ ನಿಂತು ಒಂದೇ ಸಮನೆ ಬೊಗಳುತ್ತಿರುತ್ತೆ. ಅದನ್ನೂ ಕಿವಿಯಲ್ಲೇ ಹಿಡಿದು ಹೇಳಬೇಕು. ಅದರಲ್ಲಿ ಮೊದಲನೆಯದಕ್ಕೆ 125.

ಈ ಅಂಕಗಳು ಇನ್ನೂ ಸಾಲದ ಲೆಕ್ಕ. ಎಲ್ಲರೂ ಹೋಗಿ ಟಾರ್ಚ್ ಹಾಕಿ ಮರ ನೋಡುತ್ತಾರೆ. ಮೇಲೆ ರಕೂನ್ ಕಂಡರೆ ಅಂಕ ಕೈಗೆ ಬಂತು. ಮರ ಖಾಲಿ ಇದ್ದರೆ ಅಷ್ಟೂ ಅಂಕ ಕಳೆಯುತ್ತಾರೆ. ಎಲೆ ದಟ್ಟವಾಗಿದ್ದೋ ಪೊಟರೆ ಇದ್ದೋ ಇದೆಯಾ ಇಲ್ಲವಾ ಗೊತ್ತಾಗದಿದ್ದರೆ ಆ ಅಂಕಕ್ಕೆ ಸುತ್ತು ಹಾಕಿ ಬಿಡುತ್ತಾರೆ, ಲಾಭವೂ ಇಲ್ಲ ನಷ್ಟವೂ ಇಲ್ಲ. ರಕೂನನ್ನು ಕೊಲ್ಲುವುದಿಲ್ಲ, ಅಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ಬೊಗಳೋ ನಾಯಿ ಕಚ್ಚಲ್ಲ ಅಂತ ನಾವು ಹಗುರವಾಗಿ ಮಾತಾಡ್ತೀವಿ. ಇಲ್ಲಿ ಬೊಗಳದ ನಾಯಿಗೆ ಅಂಕವೇ ಹುಟ್ಟೋದಿಲ್ಲ, ಸುಳ್ಳು ಬೊಗಳಿದರೆ ಇದ್ದಿದ್ದೂ ಹೋಗುತ್ತೆ.

ಮೊಲದ ಜಾಡು ಹಿಡಿಯುವ ಬೀಗಲ್‌ಗಳ ಸ್ಪರ್ಧೆಯಲ್ಲೂ ಪ್ರಾಮಾಣಿಕತೆಗೇ ಬೆಲೆ. ಅಮೆರಿಕದಲ್ಲಿ 1890ರಿಂದ ನಡೆಯುತ್ತಿದೆ. ಅವರ ತಪ್ಪುಗಳ ಪಟ್ಟಿ ಓದಿದರೆ ಆಫೀಸಿನ ಯಾರ್ಯಾರೋ ನೆನಪಾಗುತ್ತಾರೆ. ವಾಸನೆ ಇಲ್ಲದಿದ್ದರೂ ಸುಮ್ಮನೆ ಬಾಯಿ ಮಾಡುವುದು ಒಂದು ತಪ್ಪು. ಇಲ್ಲದ ಜಾಡನ್ನು ಇದೆ ಅಂತ ನಟಿಸಿ ಹೋಗುವುದು ಇನ್ನೊಂದು. ಜಾಡನ್ನು ಹಿಂದುಮುಂದಾಗಿ ಹಿಡಿದು ಮೊಲ ಬಂದ ಕಡೆಗೇ ಓಡುವುದು ಮತ್ತೊಂದು.

ಪ್ಲಾಸ್ಟಿಕ್ ಚೀಲದ ಆಟಕ್ಕೆ ಲ್ಯೂರ್ ಕೋರ್ಸಿಂಗ್ ಅಂತಾರೆ. ಗ್ರೇಹೌಂಡ್, ಸಲೂಕಿ ತರದ, ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿಗಳಿಗೆ ಇದು. ಮುಧೋಳವೂ ಅದೇ ಜಾತಿ. ಮೊದಲು ನಿಜವಾದ ಮೊಲವನ್ನೇ ಬಿಡುತ್ತಿದ್ದರು. ಇಂಗ್ಲೆಂಡಿನ ವಾಟರ್‌ಲೂ ಕಪ್ 1836ರಲ್ಲಿ ಶುರುವಾಗಿದ್ದು. ಕುದುರೆ ಮೇಲಿನ ತೀರ್ಪುಗಾರ, ಮೊಲವನ್ನು ಎಷ್ಟು ಸಲ ದಿಕ್ಕು ತಿರುಗಿಸಿತು ಅನ್ನೋದನ್ನೆಲ್ಲ ಲೆಕ್ಕ ಹಿಡಿದು ಅಂಕ ಕೊಡುತ್ತಿದ್ದ. ಆದರೂ ಮೊಲಗಳು ಸಾಯುತ್ತಿದ್ದವು. 2004ರ ಕಾನೂನು ಅದನ್ನು ನಿಷೇಧಿಸಿತು, 2005ರ ಫೆಬ್ರವರಿಯಲ್ಲಿ ಕೊನೆಯ ಸ್ಪರ್ಧೆ ನಡೆಯಿತು. ಅಮೆರಿಕದಲ್ಲಿ 1970ರ ದಶಕದ ಶುರುವಿನಲ್ಲೇ ಕ್ಯಾಲಿಫೋರ್ನಿಯಾದ ಕೆಲವರು ಬೇರೆ ದಾರಿ ಕಂಡುಕೊಂಡಿದ್ದರು. ಮೈದಾನದಲ್ಲಿ ರಾಟೆಗಳನ್ನು ನೆಟ್ಟು, ಅವುಗಳ ಮೂಲಕ ಹಗ್ಗ ಹಾಯಿಸಿ, ಅದಕ್ಕೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ ಮೋಟಾರಿನಲ್ಲಿ ಎಳೆಯುತ್ತಾರೆ. ರಾಟೆ ಬಂದಲ್ಲಿ ಚೀಲ ಗಕ್ಕನೆ ತಿರುಗುತ್ತೆ, ಮೊಲದ ಹಾಗೆ. ಹಳದಿ, ಗುಲಾಬಿ, ನೀಲಿ ಬಟ್ಟೆ ತೊಟ್ಟ ಮೂರು ನಾಯಿ ಒಟ್ಟಿಗೆ ಓಡುತ್ತವೆ. ವೇಗದ ಜೊತೆಗೆ ಚುರುಕು, ದಮ್ಮು, ಚೀಲವನ್ನು ಕಣ್ಣು ಬಿಡದೆ ಹಿಂಬಾಲಿಸುವುದು, ಎಲ್ಲಕ್ಕೂ ಅಂಕ ಇದೆ. ಮುಂದೆ ಎಲ್ಲಿ ಬರುತ್ತೆ ಅಂತ ಊಹಿಸಿ ಅಡ್ಡದಾರಿ ಹಿಡಿದ ಜಾಣನಿಗೆ ಅಂಕ ಕಡಿಮೆ.

ಟೆರಿಯರ್, ಡ್ಯಾಶುಂಡ್‌ಗಳಿಗೆ ಬಿಲದ ಪರೀಕ್ಷೆ ಇದೆ. ನೆಲದಡಿಯ ಮೂವತ್ತು ಅಡಿ ಸುರಂಗ, ಕೊನೆಯಲ್ಲಿ ಕಂಬಿಗಳ ಆಚೆ ಸುರಕ್ಷಿತವಾಗಿ ಕೂತ ಇಲಿಗಳು. ನಾಯಿ ಹೆದರದೆ ಒಳಗೆ ಹೋಗಿ ಅವುಗಳ ಮುಂದೆ ಬೊಗಳುತ್ತಲೋ ಕೆರೆಯುತ್ತಲೋ ಇರಬೇಕು. ಇದರಲ್ಲಿ ಮೊದಲನೆಯವರು ಎರಡನೆಯವರು ಅಂತ ಇಲ್ಲ, ಪಾಸ್ ಅಥವಾ ಫೇಲ್. ರಿಟ್ರೀವರ್, ಪಾಯಿಂಟರ್‌ಗಳಿಗೂ ಹೀಗೆ ಪಾಸು ಫೇಲಿನ ಹಂಟ್ ಟೆಸ್ಟ್ ಬೇರೆ ಇದೆ. ಹೊಸಬರು ಹೆಚ್ಚಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ ಕೊಂದರೆ ಮಾತ್ರ ಬೇಟೆ ಅಂತಲ್ಲ, ಕಾಡುಪ್ರಾಣಿಯನ್ನು ಅಟ್ಟುವುದೂ ಬೇಟೆಯೇ. ಹಾಗಾಗಿ ಮುಧೋಳ ಇದೆ ಅಂತ ಯಾರೂ ಮೊಲದ ಹಿಂದೆ ಬಿಡಬೇಡಿ. ನಿಮ್ಮ ಲ್ಯಾಬ್‌ಗಾದರೆ ಎರಡು ಹಳೇ ಕಾಲುಚೀಲ ಸಾಕು. ಬಟ್ಟೆ ತುರುಕಿ ಗಂಟು ಹಾಕಿ. ನಾಯಿಯನ್ನು ಕೂರಿಸಿ ಒಂದನ್ನು ಎಡಕ್ಕೆ ದೂರ ಎಸೆಯಿರಿ, ಇನ್ನೊಂದನ್ನು ಬಲಕ್ಕೆ. ಹತ್ತು ಎಣಿಸಿ, ಆಮೇಲೆ ಬಿಡಿ. ನಾಯಿಗಳು ಸಾಮಾನ್ಯವಾಗಿ ಕೊನೆಯಲ್ಲಿ ಬಿದ್ದದ್ದನ್ನು ಮೊದಲು ತರುತ್ತವೆ, ಅದು ಸರಿಯೇ. ನನ್ನ ನಾಯಿ ಮೊದಲ ಸಲ ಒಂದನ್ನು ತಂದು, ಇನ್ನೊಂದು ಇತ್ತು ಅನ್ನೋದನ್ನೇ ಮರೆತು, ತಂದಿದ್ದನ್ನು ಬಿಚ್ಚಿ ಬಟ್ಟೆ ಎಲ್ಲ ಹೊರಗೆಳೆದು ಹಾಕಿತ್ತು. ನಿಮ್ಮದು ಒಂದನ್ನು ಕೈಗೆ ಕೊಟ್ಟು, ನೀವು ಏನೂ ಹೇಳುವ ಮೊದಲೇ ಎಡಗಡೆಗೆ ತಿರುಗಿ ನೋಡಿತು ಅಂದ್ರೆ ನನಗೊಂದು ಸಾಲು ಬರೆಯಿರಿ.